ಗೆದ್ದಲು ಕಂಡರೆ ಪೊರಕೆ ತಗೋಬೇಡಿ

ದಾವಣಗೆರೆಯಲ್ಲಿ ಹಳೆ ಮನೆ ಇರುವವರಿಗೆ ಒಂದು ಮಾತು. ನಿಟ್ಟುವಳ್ಳಿಯ ನಮ್ಮ ಮನೆಯಲ್ಲಿ ದೇವರ ಕೋಣೆಯ ಚೌಕಟ್ಟಿನ ಮೇಲೆ ಪೆನ್ಸಿಲ್ ದಪ್ಪದ ಗೆದ್ದಲಿನ ಮಣ್ಣಿನ ಗೆರೆ ಎದ್ದಿತ್ತು. ನಾನು ಸುಮ್ನೆ ಗುಡಿಸಿ, ಸೀಮೆಎಣ್ಣೆ ಹಚ್ಚಿದೆ. ತಪ್ಪು ಮಾಡಿದೆ. ಗೂಡು ಇರುವುದು ನೆಲದೊಳಗೆ, ಅಲ್ವಾ? ಎರಡೇ ತಿಂಗಳಿಗೆ ಅಡುಗೆಮನೆ ಕಪಾಟಿನ ಹಿಂದೆ ಬಂತು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಟೊಳ್ಳು ಸದ್ದು. ಬಣ್ಣ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು!

ಹಾಗಾಗಿ ಗೆರೆ ಕಂಡರೆ ಮುಟ್ಟದೆ ಫೋಟೊ ತೆಗೆದು, ಪರೀಕ್ಷೆಗೆ ಜನ ಕರೆಸಿ. ಒಳ್ಳೆಯವರಾದರೆ ಟಾರ್ಚ್ ಹಿಡಿದು ಬಚ್ಚಲು, ಸಂಪಿನ ಪಕ್ಕ, ಸ್ವಿಚ್ ಬೋರ್ಡ್, ಅಟ್ಟ ಎಲ್ಲ ನೋಡುತ್ತಾರೆ. ತೇವ ಇರುವ ಕಡೆ ಜಾಸ್ತಿ ಹೊತ್ತು ನಿಲ್ಲುತ್ತಾರೆ. ಬಾಗಿಲಲ್ಲೇ ನಿಂತು ರೇಟ್ ಹೇಳುವವರನ್ನು ಹಾಗೇ ಕಳಿಸಿಬಿಡಿ.

ಔಷಧಿ ಹೊಡೆಸುವುದಾದರೆ ಗೋಡೆ–ನೆಲ ಸೇರುವ ಕಡೆ ಸುಮಾರು ಅಡಿಗೊಂದು ತೂತು ಕೊರೆದು ತುಂಬಬೇಕು. ಕಟ್ಟಿ ಮುಗಿದ ಮನೆಗೆ ಗೆದ್ದಲು ಔಷಧಿ ಹೊಡೆಯುವ ಭಾರತೀಯ ಮಾನದಂಡ ಐಎಸ್ 6313, ಭಾಗ 3ರ ಪ್ರಕಾರ ಮಾಡ್ತೀರಾ ಅಂತ ಕೇಳಿ. ಔಷಧಿಯ ಹೆಸರು, ಗ್ಯಾರಂಟಿ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಕೊರೆಯುವ ಮುಂಚೆ ನೀರಿನ ಪೈಪ್ ಎಲ್ಲಿದೆ ಅಂತ ತೋರಿಸಿ, ನಮ್ಮದೊಂದು ಒಡೆಯಿತು.

ಮೊದಲ ಮಳೆಯ ಸಂಜೆ ದೀಪದ ಕೆಳಗೆ ಗೆದ್ದಲಿನ ಉದುರಿದ ರೆಕ್ಕೆಗಳು ಮನೆಯೊಳಗೇ ರಾಶಿ ಬಿದ್ದಿದ್ದರೆ ಮರುದಿನವೇ ಕರೆಸಿ.