ಕಟಿಂಗ್ ಶಾಪಿನ ಗುರುಗಳಿಗೆ ಸನ್ಮಾನ ಮಾಡೋದು ಹೇಗೆ?

ಮೊದಲು ದಿನ ನೋಡಿಕೊಳ್ಳಿ. ಭಾನುವಾರ ಬೇಡವೇ ಬೇಡ. ನಾವೊಮ್ಮೆ ಹಾಲ್ ಸಿಕ್ಕಿತು ಅಂತ ಭಾನುವಾರ ಬೆಳಿಗ್ಗೆ ಇಟ್ಟುಕೊಂಡು ಕೆಟ್ಟೆವು. ಶಿಷ್ಯರೆಲ್ಲ ಅವರವರ ಅಂಗಡಿಯಲ್ಲಿ ಗಿರಾಕಿಗಳ ತಲೆ ಹಿಡಿದುಕೊಂಡಿದ್ದರು, ಇಲ್ಲಿ ಗುರುಗಳ ಮುಂದೆ ಮುಕ್ಕಾಲು ಕುರ್ಚಿ ಖಾಲಿ. ನಮ್ಮ ಕಡೆ ಹೆಚ್ಚಿನ ಅಂಗಡಿಗಳಿಗೆ ಮಂಗಳವಾರ ರಜೆ ಅಲ್ವಾ, ಅವತ್ತೇ ಇಡಿ. ಕ್ಷೌರಿಕ ಸಮಾಜದವರು ತಮ್ಮ ಮೂಲಪುರುಷ ಅಂತ ನೆನೆಯುವ ಸವಿತಾ ಮಹರ್ಷಿಗಳ ಜಯಂತಿ ರಥಸಪ್ತಮಿಗೆ ಬರುತ್ತದೆ, ಅದರ ಜೊತೆಗೂ ಸೇರಿಸಬಹುದು, ಆದರೆ ಅಲ್ಲಿ ಭಾಷಣ ಜಾಸ್ತಿ, ಗುರುಗಳ ಪಾಲಿಗೆ ಐದು ನಿಮಿಷ ಸಿಕ್ಕರೆ ಪುಣ್ಯ.

ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ ಎಲ್ಲ ಅರ್ಧ ದಿನದ ಕೆಲಸ. ತಿಂಗಳುಗಟ್ಟಲೆ ಹಿಡಿಯುವುದು ಪಟ್ಟಿ. ಅವರ ಕೈಯಲ್ಲಿ ಕಲಿತವರು ಯಾರ್ಯಾರು, ಈಗ ಎಲ್ಲೆಲ್ಲಿ ಅಂಗಡಿ ಇಟ್ಟಿದ್ದಾರೆ? ಅವರನ್ನೇ ಕೇಳಿದರೆ "ಅಯ್ಯೋ, ಎಷ್ಟೋ ಹುಡುಗರು ಬಂದ್ರು, ಹೋದ್ರು" ಅಂತಾರೆ. ಹಾಗಾಗಿ ಹಳೇ ಶಿಷ್ಯರೊಬ್ಬರನ್ನು ಹಿಡಿಯಿರಿ, ಅವರಿಂದ ಇನ್ನಿಬ್ಬರ ನಂಬರ್ ಸಿಗುತ್ತದೆ, ಅವರಿಂದ ಮತ್ತೆ ನಾಲ್ವರದು. ಎಲ್ಲರಿಗೂ ಒಂದೇ ಪ್ರಶ್ನೆ ಹಾಕಿ: ಗಿರಾಕಿಯ ತಲೆ ಮುಟ್ಟೋಕೆ ಬಿಡುವ ಮುಂಚೆ ನಿಮ್ಮಿಂದ ಏನೇನು ಮಾಡಿಸಿದರು? ಕೂದಲು ಗುಡಿಸಿದ್ದು, ಬಾಚಣಿಗೆ ಮೇಲೆ ಸುಮ್ನೆ ಖಾಲಿ ಕತ್ತರಿ ಆಡಿಸಿದ್ದು, ಊದಿದ ಬಲೂನಿಗೆ ನೊರೆ ಹಚ್ಚಿ ಒಡೆಯದಂತೆ ಶೇವ್ ಮಾಡಿದ್ದು, ಒಡೆದಾಗ ಬೈಸಿಕೊಂಡಿದ್ದು, ಇಂಥವೆಲ್ಲ ಹೊರಬರುತ್ತವೆ. ವಾಯ್ಸ್ ಮೆಸೇಜ್‌ನಲ್ಲೇ ತರಿಸಿಕೊಳ್ಳಿ. ಸನ್ಮಾನ ಪತ್ರಕ್ಕೆ ಇದೇ ಸರಕು. 'ಕಾಯಕಯೋಗಿ' ಅಂತ ಯಾರಿಗೆ ಬೇಕಾದರೂ ಅಂಟಿಸಬಹುದು ಬಿಡಿ, ಬಲೂನಿನ ಕಥೆ ಇವರದು ಮಾತ್ರ.

ನಿರೂಪಕರಿಗೆ ಒಂದು ಮಾತು ಮೊದಲೇ ಹೇಳಿಟ್ಟಿರಿ. ಈ ಕಸುಬಿನ ಕೆಲವು ಹಳೇ ಹೆಸರುಗಳನ್ನು ಜನ ಬೈಗುಳ ಮಾಡಿಬಿಟ್ಟಿದ್ದಾರೆ, ತಮಾಷೆಗೂ ಅವು ಮೈಕಿನಲ್ಲಿ ಬರಬಾರದು. ಬಸವಣ್ಣನವರ ಜೊತೆಗಿದ್ದ, ಈ ಕಸುಬಿನವರು ತಮ್ಮವರು ಅಂತ ನೆನೆಯುವ ವಚನಕಾರ ಹಡಪದ ಅಪ್ಪಣ್ಣನವರ ವಚನ ಓದಿಸುವುದಾದರೆ ಒಂದು ಸಾಕು.

ಉಡುಗೊರೆಗೆ ಬೆಳ್ಳಿ ಕತ್ತರಿ ಮಾಡಿಸುವ ಆಸೆ ಬರುತ್ತದೆ, ಅದು ಶೋಕೇಸಿಗೆ ಹೋಗುತ್ತದೆ. ಆ ದುಡ್ಡಲ್ಲಿ ಈಗ ಕಲಿಯುತ್ತಿರುವ ಹುಡುಗನಿಗೆ ಗುರುಗಳ ಕೈಯಿಂದಲೇ ಕತ್ತರಿ, ಟ್ರಿಮ್ಮರ್ ಕೊಡಿಸಿ. ಈಚೆಗೆ ಸ್ವಂತ ಅಂಗಡಿ ಇಟ್ಟ ಶಿಷ್ಯರಿದ್ದರೆ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಗೆ ಅರ್ಜಿ ಹಾಕಿಸಿ. 2023ರಲ್ಲಿ ಶುರುವಾದ ಈ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಇದೆ. ತರಬೇತಿಗೆ ದಿನಕ್ಕೆ 500 ರೂಪಾಯಿ, ಸಾಮಾನಿಗೆ 15,000 ರೂಪಾಯಿವರೆಗೆ ಸಿಗುತ್ತದೆ.

ಕೊನೆಗೆ ವೇದಿಕೆ. ಮೆತ್ತನೆ ಸೋಫಾ ಬೇಡ, ಅವರ ಅಂಗಡಿಯ ಕುರ್ಚಿಯನ್ನೇ ಹೊತ್ತು ತನ್ನಿ, ಎದುರಿಗೆ ಕನ್ನಡಿ ಇಡಿ. ಶಾಲು ಹೊದಿಸುವ ಮುಂಚೆ ಕಟಿಂಗ್ ಬಟ್ಟೆ ಹೊದಿಸಿ, ಮೊದಲ ಶಿಷ್ಯರಿಂದ ಅವರಿಗೊಂದು ಕಟಿಂಗ್ ಆಗಲಿ. ಅವರೇನು ಸುಮ್ನೆ ಕೂರುವವರಲ್ಲ, "ಕಿವಿ ಹಿಂದೆ ಇನ್ನೊಂಚೂರು ತೆಗಿಯೋ" ಅಂತ ಶುರು ಮಾಡುತ್ತಾರೆ. ಮೈಕ್ ಹತ್ತಿರ ಇಟ್ಟಿರಿ.