ರೂಟರ್ ಎಳೆಯುವ ಕರೆಂಟ್: ಮನೆಯ ಮೀಟರಿನಲ್ಲೇ ಅಳೆಯಿರಿ

ವಿಡಿಯೊ ನೋಡುವುದನ್ನು ಕಡಿಮೆ ಮಾಡಿದರೆ ರೂಟರಿನ ಕರೆಂಟ್ ಉಳಿಯುತ್ತದೆ ಎಂದುಕೊಂಡವರು ಬಹಳ. ಅದು ಹೆಚ್ಚುಕಡಿಮೆ ಸುಳ್ಳು. ನೀವು ಸಿನಿಮಾ ನೋಡಿದರೂ ಮಲಗಿದರೂ ರೂಟರ್ ಸರಿಸುಮಾರು ಅಷ್ಟೇ ವಿದ್ಯುತ್ ಎಳೆಯುತ್ತದೆ. ಫೈಬರ್ ಸಂಪರ್ಕದಲ್ಲಿ ಒಂದು ಎಳೆಯ ಬೆಳಕನ್ನು 32 ಅಥವಾ 64 ಮನೆಗಳಿಗೆ ಹಂಚುವ ಕವಲು ಪೆಟ್ಟಿಗೆಗೆ ಕರೆಂಟೇ ಬೇಡ. ಮನೆಗೆ ತಲುಪುವ ಈ ಕೊನೆಯ ಹಂತದ ಜಾಲದ ಕರೆಂಟ್ ಖರ್ಚಿನಲ್ಲಿ ದೊಡ್ಡ ಪಾಲು ನಮ್ಮ ಗೋಡೆಯ ಮೇಲಿನ ರೂಟರ್ ಪೆಟ್ಟಿಗೆಯದೇ.

ಮೊದಲು ಅಡಾಪ್ಟರಿನ ಚೀಟಿ ಓದಿ. 12 ವೋಲ್ಟ್, 1 ಆಂಪಿಯರ್ ಎಂದಿದ್ದರೆ ಗುಣಿಸಿದಾಗ 12 ವಾಟ್. ಇದು ಅಡಾಪ್ಟರ್ ಕೊಡಬಲ್ಲ ಗರಿಷ್ಠ ಮಿತಿ. ನಿಜವಾದ ಬಳಕೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ.

ನಿಜ ತಿಳಿಯಲು ಹೆಸ್ಕಾಂ ಮೀಟರ್ ಸಾಕು. ವಿಜಯಪುರದ ಬೇಸಿಗೆಯಲ್ಲಿ ಫ್ಯಾನ್, ಕೂಲರ್ ನಿಲ್ಲಿಸಿ ಎಂದರೆ ಮನೆಯವರು ಒಪ್ಪಲಾರರು, ಆದ್ದರಿಂದ ಬೆಳಗಿನ ತಂಪು ಹೊತ್ತು ಲೇಸು. ಫ್ರಿಜ್, ಟಿವಿ, ಚಾರ್ಜರ್ ಎಲ್ಲವನ್ನೂ ಬಂದ್ ಮಾಡಿ. ಇನ್ವರ್ಟರಿನ ಪ್ಲಗ್ ಕಿತ್ತಿಡಲು ಮರೆಯಬೇಡಿ. ಬ್ಯಾಟರಿ ತುಂಬುತ್ತಿದ್ದರೆ ಲೆಕ್ಕವೆಲ್ಲ ಹಾಳು. ರೂಟರನ್ನೂ ತೆಗೆದು ನೋಡಿ: ಆಗಲೂ ಮೀಟರಿನ ಕೆಂಪು ದೀಪ ಮಿನುಗುತ್ತಿದ್ದರೆ ಇನ್ನೇನೋ ಚಾಲೂ ಇದೆ, ಹುಡುಕಿ. ಬಳಿಕ ರೂಟರ್ ಒಂದನ್ನೇ ನೇರ ಸ್ವಿಚ್ ಬೋರ್ಡಿಗೆ ಹಾಕಿ.

ಒಂದು ಯೂನಿಟ್ಟಿಗೆ ದೀಪ ಎಷ್ಟು ಸಲ ಮಿನುಗುತ್ತದೆ ಎಂಬುದು ಮೀಟರಿನ ಮೇಲೆಯೇ ಇರುತ್ತದೆ. ಅದು 3200 ಆಗಿದ್ದರೆ, ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ 1125 ಅನ್ನು ಭಾಗಿಸಿ, ಉತ್ತರವೇ ವಾಟ್. ಬೇರೆ ಸಂಖ್ಯೆಯಿದ್ದರೆ 36 ಲಕ್ಷವನ್ನು ಆ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು 1125ರ ಜಾಗದಲ್ಲಿ ಬಳಸಿ. ತೀರಾ ಸಣ್ಣ ಹೊರೆಯನ್ನು ಕೆಲವು ಮೀಟರ್‌ಗಳು ಸರಿಯಾಗಿ ಹಿಡಿಯುವುದಿಲ್ಲ. ಹಾಗಾದಲ್ಲಿ ಒಂದು ಬಲ್ಬ್ ಹಚ್ಚಿಟ್ಟು, ರೂಟರ್ ಸಹಿತ ಒಮ್ಮೆ, ರಹಿತ ಒಮ್ಮೆ ಅಳೆದು ವ್ಯತ್ಯಾಸ ತೆಗೆಯಿರಿ.

10 ವಾಟ್ ಬಂತು ಎನ್ನೋಣ. ದಿನವಿಡೀ ಉರಿದರೆ ತಿಂಗಳಿಗೆ 7.2 ಯೂನಿಟ್, ವರ್ಷಕ್ಕೆ ಸುಮಾರು 88. ದೊಡ್ಡ ಮೊತ್ತವೇನಲ್ಲ. ಆದರೆ ಗೃಹಜ್ಯೋತಿಯ 200 ಯೂನಿಟ್ ಅಂಚಿನಲ್ಲಿರುವ ಮನೆಗೆ ಏಳು ಯೂನಿಟ್ ಸಣ್ಣ ಮಾತೂ ಅಲ್ಲ.

ಉಳಿತಾಯಕ್ಕೆ ನನ್ನ ಮೊದಲ ಮತ ಪೆಟ್ಟಿಗೆ ಕಡಿಮೆ ಮಾಡುವುದಕ್ಕೆ. ಫೈಬರ್ ಮೋಡೆಮ್ ಬೇರೆ, ವೈಫೈ ರೂಟರ್ ಬೇರೆ ಇದ್ದರೆ, ಎರಡೂ ಸೇರಿದ ಒಂದನ್ನು ಸಂಪರ್ಕ ಕೊಟ್ಟವರ ಬಳಿ ಕೇಳಿ. ಕರೆಂಟ್ ಹೋದಾಗ ರೂಟರ್ ಒಂದಕ್ಕಾಗಿ ಇನ್ವರ್ಟರ್ ಓಡಿಸುವುದು ದಂಡ: ಬ್ಯಾಟರಿಯ 12 ವೋಲ್ಟನ್ನು 230ಕ್ಕೆ ಏರಿಸಿ, ಅಡಾಪ್ಟರ್ ಮತ್ತೆ 12ಕ್ಕೆ ಇಳಿಸುವಷ್ಟರಲ್ಲಿ ಎರಡು ಕಡೆ ನಷ್ಟ. ನೇರ 12 ವೋಲ್ಟ್ ಕೊಡುವ ಪುಟ್ಟ ಯುಪಿಎಸ್ ಕೊಳ್ಳುವುದು ಮೇಲು. ಪಿನ್ ಮತ್ತು ವೋಲ್ಟೇಜ್ ಎರಡೂ ಹೊಂದುತ್ತವೆಯೇ ನೋಡಿಯೇ ತನ್ನಿ. ರಾತ್ರಿ ರೂಟರ್ ಆರಿಸುವುದೂ ಸರಿಯೇ, ಆದರೆ ಸಿಸಿಟಿವಿಯಾಗಲಿ ಲ್ಯಾಂಡ್‌ಲೈನ್ ಆಗಲಿ ಅದರ ಮೇಲೆಯೇ ನಡೆಯುವ ಮನೆಯಲ್ಲಿ ಬೇಡ.