ಗಾಳಿಗಿ ಎದಿ ಕೊಡೋ ಕೆಲಸ

ಸೈಕಲ್ ರೇಸ್ ರಿಸಲ್ಟ್ ನೋಡಿ "ನಿನ್ನ ಹೆಸರೇ ಇಲ್ಲಲ್ಲೋ ತಮ್ಮಾ" ಅಂತ ಕಲಬುರಗಿಯಾಗ ಭಾಳ ಮಂದಿ ಕೇಳ್ತಾರ, ಅದಕ್ಕೇ ಇದು ಬರೀಲಾಕತ್ತೀನಿ. ನಾ ಟೀಮಿನಾಗ ಸಪೋರ್ಟ್ ರೈಡರ್. ಕಡೀ ಏರು ಇಲ್ಲಾ ಸ್ಪ್ರಿಂಟ್ ಬರೋ ತನಕ ನಮ್ಮ ಲೀಡರ್ ಕಾಲಾಗಿನ ಕಸುವು ಉಳಿಸೋದು ನನ್ನ ಡ್ಯೂಟಿ.

ಸಪಾಟ್ ರೋಡಿನಾಗ ತಾಸಿಗಿ 40 ಕಿಮೀ ಹೊಂಟಾಗ ನಾವು ಹಾಕೋ ಜೋರಿನಾಗ ಬಹುಪಾಲು ಗಾಳಿ ಸೀಳ್ಲಾಕೇ ಹೋಗ್ತದ, ಹಿಂದ ಚಕ್ರಕ್ಕ ಚಕ್ರ ಹಚ್ಚಿ ಬರಾವಂಗ ಅದ್ರಾಗ ಕಾಲು ಭಾಗಕ್ಕಿಂತ ಹೆಚ್ಚು ಉಳೀತದ. ಇದನ್ನ ನಾ ಕಲ್ತದ್ದು ಅಫಜಲಪುರ ರೋಡ, ಜೇವರ್ಗಿ ರೋಡ ಮ್ಯಾಲ. ಮಳಿಗಾಲದಾಗ ಪಡುವಣ ಗಾಳಿ ಬೀಸ್ತದ, ಎರಡೂ ಕಡಿ ತೊಗರಿ ಹೊಲ, ಅಡ್ಡ ಏನಂದ್ರ ಏನೂ ಇಲ್ಲ. ಅಫಜಲಪುರ ಕಡಿ ಹೊಂಟ್ರ ಎದುರು ಗಾಳಿ, ಲೀಡರ್ ಸೀದಾ ನನ್ನ ಹಿಂದ. ಜೇವರ್ಗಿ ಕಡಿ ಹೊಂಟ್ರ ಬಲಕ್ಕಿನಿಂದ ಹೊಡೀತದ, ಆಗ ಅವ ನನ್ನ ಎಡಕ್ಕ ಸ್ವಲ್ಪ ಹಿಂದ ಇರಬೇಕು, ನಾನೇ ಡಾಂಬರಿನ ಅಂಚು ಹಿಡದ್ರ ಅವಂಗ ಜಾಗಾ ಎಲ್ಲಿ, ಅದಕ್ಕ ನಾ ರೋಡಿನ ನಡುವಿಗಿ ಸರದು ಅವನ ಪಾಲಿನ ಗಾಳೀನೂ ತಗೋತೀನಿ. ಮುಖ್ಯ ಏನಂದ್ರ ಸ್ಪೀಡ್ ಏರಿಳಿತ ಆಗಬಾರದು, ನಾ ಒಮ್ಮೆ ಝಟ್ ಅಂತ ಎಳದ್ರ ನಡುವ ಗ್ಯಾಪ್ ಬಿದ್ದು ಅದನ್ನ ಮುಚ್ಚಲಾಕ ಅವನೇ ದಣೀತಾನ, ಮತ್ತ ನಾ ಅಲ್ಲಿದ್ದು ಏನು ಉಪಯೋಗ ಹೇಳ್ರಿ.

ನೀರಿನ ಕೆಲಸಾನೂ ನಮ್ಮದೇ. ಗುಂಪಿನ ಹಿಂದ ಟೀಮ್ ಕಾರಿನ ತನಕ ಇಳದು, ಬಾಟಲಿಗಳನ್ನ ಜೆರ್ಸಿ ಜೇಬಿನಾಗ, ಬೆನ್ನಾಗ ತುರುಕಿಕೊಂಡು ಮತ್ತ ಮುಂದ ಬರಬೇಕು. ಒಂದೊಂದು ಬಾಟಲಿ ಅರ್ಧ ಕೆಜಿ ಮ್ಯಾಲೇ ಇರ್ತದ. 40 ಡಿಗ್ರಿ ಬಿಸಲಾಗ ತಿರುಗಾಡಿದ ನಮ್ಮ ಕಡಿ ಹುಡುಗರಿಗಿ ನೀರಿನ ಬೆಲಿ ಬ್ಯಾರೆ ಹೇಳಬೇಕಾಗಿಲ್ಲ.

ಲೀಡರ್ ಚಕ್ರ ಪಂಕ್ಚರ್ ಆತಂದ್ರ ನನ್ನ ಚಕ್ರ ಬಿಚ್ಚಿ ಕೊಡ್ತೀನಿ, ಒಂದು ಸೆಕೆಂಡೂ ವಿಚಾರ ಮಾಡಂಗಿಲ್ಲ. 1934ರ ಟೂರ್ ಡಿ ಫ್ರಾನ್ಸಿನಾಗ 20 ವರ್ಷದ ಹುಡುಗ ರೆನೆ ವಿಯೆಟ್ಟೊ ತನ್ನ ಚಕ್ರ ಲೀಡರ್ ಆಂಟೊನಿನ್ ಮಾನ್ಯಗ ಕೊಟ್ಟು ರೋಡ ಬದಿ ಗ್ವಾಡಿ ಮ್ಯಾಲ ಅಳಕೋತ ಕುಂತಿದ್ದ, ಆ ಫೋಟೋ ನೋಡಿದಾಗೆಲ್ಲ ನಂಗ ಕೊಳ್ಳ ಕಟ್ತದ. ಮಾನ್ಯ ಟೂರ್ ಗೆದ್ದ, ವಿಯೆಟ್ಟೊ 5ನೇದಾವ ಆದ, ಆದ್ರೂ ಬೆಟ್ಟ ಏರೋದ್ರಾಗ ಅವನೇ ಮೊದಲ. ಈಗಿನವರಾಗ ನಂಗ ಅಮೆರಿಕಾದ ಸಪೋರ್ಟ್ ರೈಡರ್ ಸೆಪ್ ಕುಸ್ ಭಾಳ ಸೇರ್ತಾನ. 2023ರಾಗ ಇಟಲಿಯ ಜಿರೋ ರೇಸಿನಾಗ ತನ್ನ ಟೀಮಿನ ಲೀಡರ್ ರೋಗ್ಲಿಚ್‌ಗ, ಟೂರ್ ಡಿ ಫ್ರಾನ್ಸಿನಾಗ ಅದೇ ಟೀಮಿನ ವಿಂಗೆಗೋಗ ದುಡದ, ಇಬ್ಬರೂ ಗೆದ್ರು. ಅದೇ ವರ್ಷ ಸ್ಪೇನಿನ ವುಲ್ಟಾ ರೇಸ್ ತಾನೇ ಗೆದ್ದ, ಆ ಇಬ್ಬರೂ ಅವನ ಹಿಂದ 2, 3ನೇದಾವರು!

ರೊಕ್ಕದ್ದೂ ಕೇಳ್ತಾರ. ಲೀಡರ್ ಗೆದ್ದ ಪ್ರೈಜ್ ಟೀಮಿನವರೆಲ್ಲ ಹಂಚಿಕೊಳ್ಳೋದು ದೊಡ್ಡ ಪ್ರೊಫೆಷನಲ್ ಟೀಮುಗಳಾಗ ಹಳೇ ಪದ್ಧತಿ, ನಮ್ಮಲ್ಲೂ ಹಂಗೇ.

ಈ ಕೆಲಸ ಕಲೀಬೇಕು ಅನ್ನೋ ಹುಡುಗರು ಜೂನ್-ಜುಲೈನಾಗ ಅಫಜಲಪುರ ರೋಡ ಹಿಡೀರಿ, ಹಿಂದ ಒಬ್ಬ ದೋಸ್ತನ್ನ ಇಟ್ಟುಕೋರಿ, ಮುಂದ ಒಂದೇ ಸಮ ಎಳೀರಿ. ಚಲೋ ಎಳದ್ರೋ ಇಲ್ಲೋ ಅಂತ ಮೀಟರ್ ನೋಡಬ್ಯಾಡ್ರಿ, ಹಿಂದಿನವನನ್ನ ಕೇಳ್ರಿ.